ದನಿ ಕೇಳಿಸ್ತು, ಮಾತು ಕೇಳಿಸ್ಲಿಲ್ಲ

ಸ್ನೇಹಿತರೇ, ಮೊದಲೇ ಹೇಳಿಬಿಡ್ತೀವಿ. ಇದು ನಮ್ಮ ಕಾಲೇಜಿನ ಹಾಲ್‌ಗೆ ಇನ್ನೂ ದೊಡ್ಡ ಸ್ಪೀಕರ್ ಬೇಡ ಅಂತ ವಾದ ಮಾಡೋ ಲೇಖನ. ಫೆಸ್ಟ್ ಕಮಿಟಿಯವರು ಬೇಜಾರು ಮಾಡ್ಕೋಬೇಡಿ. ಪೂರ್ತಿ ಓದಿ, ಆಮೇಲೆ ಬೈಯಿರಿ.

ನಾವು ಮೂವರು ರಾಗಿಗುಡ್ಡದಲ್ಲಿ ಒಂದೇ ರೂಮಿನಲ್ಲಿ ಇರೋದು. ರಾತ್ರಿ ಊಟ ಆದಮೇಲೆ ಟೆರೇಸಿಗೆ ಹೋಗಿ ಸ್ವಲ್ಪ ಹೊತ್ತು ನಿಲ್ಲೋದು ಅಭ್ಯಾಸ. ಶಿವಮೊಗ್ಗದ ಯಾವುದೋ ಮೂಲೆಯಲ್ಲಿ ಒಂದು ಆರ್ಕೆಸ್ಟ್ರಾ ಅಂತೂ ನಡೀತಾ ಇರುತ್ತೆ. ನಮಗೆ ಕೇಳಿಸೋದು 'ಧಂ ಧಂ' ಮಾತ್ರ. ಯಾವ ಹಾಡು ಅಂತ ಗೊತ್ತಾಗಲ್ಲ. ಮೂವರೂ ಮೂರು ಹಾಡಿನ ಹೆಸರು ಹೇಳಿ ಬೆಟ್ಟಿಂಗ್ ಕಟ್ತೀವಿ, ಯಾರು ಗೆದ್ದರು ಅಂತ ಇವತ್ತಿನವರೆಗೂ ಗೊತ್ತಾಗಿಲ್ಲ.

ಕಾರಣ ಸರಳ. 60 ಹರ್ಟ್ಸ್‌ನ ಡ್ರಮ್ ಸದ್ದಿನ ಒಂದು ಅಲೆ ಸುಮಾರು 5.7 ಮೀಟರ್ ಉದ್ದ ಇರುತ್ತೆ. ಅದಕ್ಕೆ ನಮ್ಮ ಕಾಂಪೌಂಡು, ಪಕ್ಕದ ಮನೆಯ ನೀರಿನ ಟ್ಯಾಂಕು ಯಾವ ಲೆಕ್ಕಕ್ಕೂ ಇಲ್ಲ, ಬಳಸಿಕೊಂಡು ಬಂದುಬಿಡುತ್ತೆ. 4000 ಹರ್ಟ್ಸ್‌ನ ಸದ್ದಿನ ಅಲೆ 8.6 ಸೆಂ.ಮೀ. ಮಾತ್ರ. ಗೋಡೆಗೆ ಬಡಿದು ವಾಪಸ್ ಹೋಗುತ್ತೆ, ಮರದ ಕೊಂಬೆ ಎಲೆಗಳಿಗೆ ತಾಗಿ ಚದುರಿಹೋಗುತ್ತೆ, ದೂರ ಹೋದಷ್ಟೂ ಗಾಳಿಯೇ ಅದನ್ನ ಜಾಸ್ತಿ ಹೀರಿಕೊಳ್ಳುತ್ತೆ. ಹಾಡಿನ ತಾಳ ನಮ್ಮ ಟೆರೇಸಿಗೆ ಬರುತ್ತೆ, ಸಾಹಿತ್ಯ ದಾರಿಯಲ್ಲೇ ಕಳೆದುಹೋಗುತ್ತೆ.

ಟೆರೇಸಿನಲ್ಲಿ ಇದು ತಮಾಷೆ. ಹಾಲ್ ಒಳಗೆ ಹೀಗೇ ಆದರೆ ತಮಾಷೆ ಅಲ್ಲ. ಅದು ನಮಗೆ ಗೊತ್ತಾಗಿದ್ದು ಹೋದ ರಾಜ್ಯೋತ್ಸವದ ದಿನ.

ನಮ್ಮಲ್ಲೊಬ್ಬ ಅವತ್ತು ಜೀವನದಲ್ಲಿ ಮೊದಲ ಸಲ ಕನ್ನಡದಲ್ಲಿ ಭಾಷಣ ಮಾಡಿದ. ಐದು ನಿಮಿಷದ ಭಾಷಣ. ನಾವು ಮೂವರೂ ಎಲ್‌ಕೆಜಿಯಿಂದ ಇಂಗ್ಲಿಷ್ ಮೀಡಿಯಂ. ಕನ್ನಡ ಮಾತಾಡೋಕೆ ಬರುತ್ತೆ, ಸ್ಟೇಜಿನಲ್ಲಿ ಮಾತಾಡೋಕೆ ಬರ್ತಿರಲಿಲ್ಲ. ಹದಿನೈದು ದಿನ ಕನ್ನಡಿ ಮುಂದೆ ನಿಂತು ಪ್ರಾಕ್ಟೀಸ್ ಮಾಡಿದ್ದ. ಕೇಳೋಕೆ ಅಂತ ಅವನ ಅಜ್ಜ ಭದ್ರಾವತಿಯಿಂದ ಬಸ್ ಹತ್ತಿಕೊಂಡು ಬಂದಿದ್ರು. ಹಳೇನಗರದಲ್ಲಿ ಬಹಳ ವರ್ಷ ಟೈಲರ್ ಅಂಗಡಿ ಇಟ್ಟಿದ್ದವರು. ಇಸ್ತ್ರಿ ಮಾಡಿದ ಬಿಳಿ ಶರ್ಟ್ ಹಾಕ್ಕೊಂಡು ಒಂಬತ್ತನೇ ಸಾಲಿನಲ್ಲಿ ಕೂತಿದ್ರು. ಜನ ನಕ್ಕಾಗ ನಕ್ಕರು, ಚಪ್ಪಾಳೆ ತಟ್ಟಿದಾಗ ತಟ್ಟಿದ್ರು.

ಆಮೇಲೆ ಹೋಟೆಲಿನಲ್ಲಿ ಕಾಫಿ ಕುಡೀತಾ ಮೊಮ್ಮಗ ಕೇಳಿದ, "ಹೆಂಗಿತ್ತು ಅಜ್ಜ?" ಅಜ್ಜ ಲೋಟ ಕೆಳಗಿಟ್ಟು ಹೇಳಿದ್ರು, "ನಿನ್ನ ದನಿ ಕೇಳಿಸ್ತು ಕಣೋ. ಮಾತು ಕೇಳಿಸ್ಲಿಲ್ಲ."

ವಯಸ್ಸಾಯ್ತು, ಕಿವಿ ಮಂದ ಅಂತ ಅಂದುಕೊಂಡು ಸುಮ್ಮನಾಗಬಹುದಿತ್ತು. ಆಗಲಿಲ್ಲ. ಯಾಕಂದ್ರೆ ಅಜ್ಜ ಹೇಳಿದ್ದು ಫಿಸಿಕ್ಸ್ ಪ್ರಕಾರ ನೂರಕ್ಕೆ ನೂರು ಸರಿ.

ದನಿ ಬೇರೆ, ಮಾತು ಬೇರೆ. ನಮ್ಮ ದನಿಯ ಶಕ್ತಿ ಹೆಚ್ಚಾಗಿ ಇರೋದು ಸ್ವರಗಳಲ್ಲಿ, ಅಂದ್ರೆ ಅ, ಆ, ಇ, ಈ ಇವುಗಳಲ್ಲಿ, ಕೆಳಗಿನ ಫ್ರೀಕ್ವೆನ್ಸಿಗಳಲ್ಲಿ. ಆದರೆ ಒಂದು ಪದವನ್ನ ಇನ್ನೊಂದರಿಂದ ಬೇರೆ ಮಾಡೋ ವ್ಯಂಜನಗಳ ಗುರುತು ಬಹಳಷ್ಟು ಸಿಗೋದು ಮೇಲೆ, ಹೆಚ್ಚುಕಮ್ಮಿ 2000ದಿಂದ 8000 ಹರ್ಟ್ಸ್‌ವರೆಗೆ. ಕತ್ತೆನಾ ಕಟ್ಟೆನಾ, ಹತ್ತಿನಾ ಹಟ್ಟಿನಾ, ಹಲ್ಲಿನಾ ಹಳ್ಳಿನಾ, ಬೆಲೆನಾ ಬೆಳೆನಾ? ಸ್ವರ ಎರಡರಲ್ಲೂ ಒಂದೇ. ವ್ಯತ್ಯಾಸ ಇರೋದು ಕಣ್ಣುಮುಚ್ಚಿ ತೆಗೆಯೋದರೊಳಗೆ ಮುಗಿಯೋ ಒಂದು ಸಣ್ಣ ಸದ್ದಿನಲ್ಲಿ. ವಯಸ್ಸಾಗ್ತಾ ಕಿವಿ ಮೊದಲು ಕಳ್ಕೊಳ್ಳೋದೂ ಈ ಹೈ ಫ್ರೀಕ್ವೆನ್ಸಿಯನ್ನೇ. ಅದರ ಜೊತೆಗೆ ಹಾಲ್ ಕೂಡ ಕಿತ್ಕೊಂಡ್ರೆ ಅಜ್ಜನಿಗೆ ಏನು ಉಳೀತು?

ಹಾಲ್ ನಿಜವಾಗಿ ಕಿತ್ಕೊಳ್ತಾ ಇದೆಯಾ ಅಂತ ನೋಡೋಕೆ ಒಂದು ಭಾನುವಾರ ಪರ್ಮಿಷನ್ ತಗೊಂಡು ಒಳಗೆ ಹೋದೆವು. ಒಬ್ಬ ಸ್ಟೇಜಿನ ಮೇಲೆ ನಿಂತು ಚಪ್ಪಾಳೆ ತಟ್ಟೋದು, ಇಬ್ಬರು ಒಂದೊಂದೇ ಸಾಲಿನಲ್ಲಿ ಕೂತು ಕೇಳೋದು. ಮೂರನೇ ಸಾಲಿನಲ್ಲಿ ಅಂಥ ತೊಂದರೆ ಇಲ್ಲ. ಒಂಬತ್ತರ ಹತ್ತಿರ ಬಂದಾಗ ಹಿಂದಿನಿಂದ ಯಾರೋ ಇನ್ನೊಂದು ಚಪ್ಪಾಳೆ ತಟ್ಟಿದ ಹಾಗಾಯ್ತು. ತಿರುಗಿ ನೋಡಿದ್ರೆ ಯಾರೂ ಇಲ್ಲ, ಗೋಡೆ. ನೀವೆಲ್ಲ ನೋಡಿದ್ದೀರ, ನಮ್ಮ ಹಾಲ್‌ನ ಹಿಂದಿನ ಗೋಡೆ ಬಿಲ್ಲಿನ ಹಾಗೆ ಬಾಗಿದೆ, ಮೈಯೆಲ್ಲ ನುಣುಪು. ನೋಡೋಕೆ ಚಂದ. ಆದರೆ ಅದು ಸದ್ದಿನ ಪಾಲಿಗೆ ಒಂದು ಭೂತಗನ್ನಡಿ. ಬಿಸಿಲನ್ನ ಒಂದು ಕಡೆ ಸೇರಿಸಿ ಪೇಪರ್ ಸುಡ್ತೀವಲ್ಲ, ಹಾಗೇ ಸದ್ದನ್ನ ಒಟ್ಟುಮಾಡಿ ಮಧ್ಯದ ಸಾಲುಗಳ ಮೇಲೆ ಸುರಿಯುತ್ತೆ.

ಟೇಪ್ ಹಿಡಿದು ಅಳೆದೆವು. ಸ್ಟೇಜಿನಿಂದ ಹಿಂದಿನ ಗೋಡೆಗೆ 22 ಮೀಟರ್, ಒಂಬತ್ತನೇ ಸಾಲಿಗೆ 12 ಮೀಟರ್. ಅಂದ್ರೆ ಗೋಡೆಗೆ ಬಡಿದು ಬರೋ ಸದ್ದು 20 ಮೀಟರ್ ಜಾಸ್ತಿ ನಡೆದು ಬರಬೇಕು. ಸದ್ದಿನ ವೇಗ ಸೆಕೆಂಡಿಗೆ 343 ಮೀಟರ್ ಅಂತ ಇಟ್ಕೊಂಡ್ರೆ 58 ಮಿಲಿಸೆಕೆಂಡ್ ತಡ. ಸುಮಾರು 50 ಮಿಲಿಸೆಕೆಂಡಿಗಿಂತ ತಡವಾಗಿ, ಜೋರಾಗಿ ಬರೋ ಪ್ರತಿಧ್ವನಿ ಮಾತಿಗೆ ಸಹಾಯ ಮಾಡಲ್ಲ, ಅಡ್ಡ ಬರುತ್ತೆ. 'ಬೆಳೆ'ಯ 'ಬೆ' ವಾಪಸ್ ಬಂದು 'ಳೆ' ಮೇಲೆ ಕೂತುಬಿಡುತ್ತೆ. ನಮ್ಮ ಕಿವಿಗೆ ಹತ್ತೊಂಬತ್ತು ವರ್ಷ. ಪದಗಳ ಪಟ್ಟಿ ಓದಿಸಿ ಕೇಳಿದಾಗ ನಾವೇ ಒಂಬತ್ತನೇ ಸಾಲಿನಲ್ಲಿ ಹಳ್ಳಿಯನ್ನ ಹಲ್ಲಿ ಅಂತ ಬರ್ಕೊಂಡ್ವಿ. ಅಜ್ಜನ ಕಿವಿಯನ್ನ ದೂರೋ ಹಕ್ಕು ನಮಗಿಲ್ಲ.

ವಿಜಯಪುರದ ಗೋಳಗುಮ್ಮಟಕ್ಕೆ ಟೂರ್ ಹೋದಾಗ ನಾವೆಲ್ಲ ಪಿಸುಗ್ಯಾಲರಿಯಲ್ಲಿ ಕೂಗಿ ಖುಷಿಪಟ್ಟಿದ್ದೀವಿ. ಬಾಗಿದ ನುಣುಪು ಗೋಡೆ ಪಿಸುಮಾತನ್ನ ಆಚೆ ತುದಿಗೆ ತಲುಪಿಸೋದು ಅದ್ಭುತವೇ. ಆದರೆ ಅದೇ ಗುಮ್ಮಟದ ಕೆಳಗೆ ಯಾರಾದ್ರೂ ಒಂದು ಗಂಟೆ ಥರ್ಮೋಡೈನಮಿಕ್ಸ್ ಕ್ಲಾಸ್ ತಗೊಂಡ್ರೆ? ನಮ್ಮ ಹಾಲ್ ಆಗಿರೋದು ಸಣ್ಣ ಪ್ರಮಾಣದಲ್ಲಿ ಅದೇ.

ಈಗ ದೊಡ್ಡ ಸ್ಪೀಕರಿನ ವಿಷಯ. ಸ್ಪೀಕರ್ ಎರಡು ಪಟ್ಟು ಜೋರಾದ್ರೆ ನೇರವಾಗಿ ಬರೋ ಸದ್ದು ಎರಡು ಪಟ್ಟು. ಗೋಡೆಯಿಂದ ಬರೋ ಪ್ರತಿಧ್ವನಿಯೂ ಎರಡು ಪಟ್ಟು. ಎರಡರ ಅನುಪಾತ ಇದ್ದಲ್ಲೇ ಇರುತ್ತೆ. ಜೋರಾಗುತ್ತೆ, ಸ್ಪಷ್ಟ ಆಗಲ್ಲ. ಅಜ್ಜನಿಗೆ ದನಿ ಇನ್ನೂ ಚೆನ್ನಾಗಿ ಕೇಳಿಸುತ್ತೆ, ಮಾತು ಆಗಲೂ ಕೇಳಿಸಲ್ಲ. ಸಮಸ್ಯೆ ಇರೋದು ಗೋಡೆಯಲ್ಲಿ, ನಾವು ದುಡ್ಡು ಹಾಕೋದು ಡಬ್ಬದ ಮೇಲೆ.

ಹಾಗಾದ್ರೆ ಗೋಡೆ ಒಡೆಯಬೇಕಾ? ಬೇಡ. ಗೋಡೆಯ ನುಣುಪನ್ನ ಒಡೆದರೆ ಸಾಕು. ಇದಕ್ಕೆ ಉತ್ತರ ನಮಗೆ ಸಿಕ್ಕಿದ್ದು ಅಡ್ಮಿನ್ ಬ್ಲಾಕ್ ಮುಂದಿನ ಅಗಲದ ಮೆಟ್ಟಿಲುಗಳಲ್ಲಿ. ಬೆಳಿಗ್ಗೆ ಯಾರೂ ಇಲ್ಲದಾಗ ಐದಾರು ಮೀಟರ್ ದೂರ ನಿಂತು ಮೆಟ್ಟಿಲ ಕಡೆ ಮುಖ ಮಾಡಿ ಒಂದೇ ಒಂದು ಚಪ್ಪಾಳೆ ತಟ್ಟಿ ನೋಡಿ. ವಾಪಸ್ ಬರೋದು ಚಪ್ಪಾಳೆ ಅಲ್ಲ, 'ಚ್ಯೂಂ' ಅನ್ನೋ ಒಂದು ಸಣ್ಣ ಸ್ವರ!

ಯಾಕೆ ಅಂದ್ರೆ ಪ್ರತಿ ಮೆಟ್ಟಿಲೂ ಚಪ್ಪಾಳೆಯ ಒಂದು ಚೂರನ್ನ ವಾಪಸ್ ಕಳಿಸುತ್ತೆ. ಮೆಟ್ಟಿಲಿನ ಅಗಲ 30 ಸೆಂ.ಮೀ. ಸದ್ದು ಹೋಗಿ ಬರೋಕೆ 60 ಸೆಂ.ಮೀ. ಜಾಸ್ತಿ. ಹಾಗಾಗಿ ಒಂದೊಂದು ಚೂರೂ ಹಿಂದಿನದಕ್ಕಿಂತ ಸುಮಾರು 1.75 ಮಿಲಿಸೆಕೆಂಡ್ ತಡವಾಗಿ, ಸಾಲಾಗಿ ಬರುತ್ತೆ. ಸೆಕೆಂಡಿಗೆ ಸುಮಾರು 570 ಸಲ ಬಡಿದರೆ ಕಿವಿಗೆ ಅದು 570 ಹರ್ಟ್ಸ್‌ನ ಸ್ವರ. ಮೇಲಿನ ಮೆಟ್ಟಿಲುಗಳಿಗೆ ಹೋದಂತೆ ಎತ್ತರವೂ ಸೇರಿ ದೂರದ ವ್ಯತ್ಯಾಸ ಸ್ವಲ್ಪ ಜಾಸ್ತಿ ಆಗುತ್ತೆ, ಅದಕ್ಕೇ ಸ್ವರ ಸ್ವಲ್ಪ ಕೆಳಗಿಳಿಯುತ್ತೆ. ಮೆಕ್ಸಿಕೋದ ಚಿಚೆನ್ ಇಟ್ಜಾದಲ್ಲಿ ಮಾಯಾ ಜನ ಕಟ್ಟಿದ ಪಿರಮಿಡ್ ಇದೆ, ಒಂದೊಂದು ಬದಿಗೂ 91 ಮೆಟ್ಟಿಲು. ಅದರ ಮುಂದೆ ಚಪ್ಪಾಳೆ ತಟ್ಟಿದ್ರೆ ಹಕ್ಕಿ ಕೂಗಿದ ಹಾಗೆ ಕೇಳುತ್ತೆ ಅಂತ ಪ್ರವಾಸಿಗಳು ಮುಗಿಬೀಳ್ತಾರೆ. ನಮ್ಮ ಕಡೆ ಎಷ್ಟು ಹಳೇ ಕಲ್ಯಾಣಿಗಳಿವೆ, ಎಷ್ಟು ದೇವಸ್ಥಾನದ ಮೆಟ್ಟಿಲುಗಳಿವೆ! ನಾವು ಅಲ್ಲಿ ಸೆಲ್ಫಿ ತಗೊಂಡಿದ್ದೀವಿ, ಚಪ್ಪಾಳೆ ತಟ್ಟಿ ನೋಡಿಲ್ಲ.

ಇದರ ಪಾಠ ಏನು? ಒಂದೇ ಅಳತೆಯ ಅಂತರದಲ್ಲಿ ಮತ್ತೆ ಮತ್ತೆ ಬರೋ ರಚನೆ ಸದ್ದನ್ನ ಹಾಗೇ ವಾಪಸ್ ಕೊಡಲ್ಲ. ಕೆಲವು ಫ್ರೀಕ್ವೆನ್ಸಿಯನ್ನ ಆರಿಸುತ್ತೆ, ಕೆಲವು ದಿಕ್ಕಿಗೆ ಚದುರಿಸುತ್ತೆ. ಫಸ್ಟ್ ಇಯರ್ ಲ್ಯಾಬಿನಲ್ಲಿ ಲೇಸರನ್ನ ಗ್ರೇಟಿಂಗ್ ಮೇಲೆ ಬಿಟ್ಟು ಗೋಡೆ ಮೇಲೆ ಚುಕ್ಕಿ ಎಣಿಸಿದ್ವಲ್ಲ, ಅದೇ ಕಥೆ. ಬೆಳಕಿನ ಬದಲು ಸದ್ದು, ಗೀರುಗಳ ಬದಲು ಮೆಟ್ಟಿಲು.

ಮ್ಯಾಡ್ರಿಡ್‌ನಲ್ಲಿ ಯೂಸೆಬಿಯೋ ಸೆಂಪೆರೆ ಅನ್ನೋ ಕಲಾವಿದರ ಒಂದು ಶಿಲ್ಪ ಇದೆ. ಸ್ಟೀಲ್ ಕೊಳವೆಗಳನ್ನ 10 ಸೆಂ.ಮೀ. ಅಂತರದಲ್ಲಿ ಸಾಲುಸಾಲಾಗಿ ನಿಲ್ಲಿಸಿದ್ದಾರೆ. ಒಂದೊಂದು ಕೊಳವೆ 2.9 ಸೆಂ.ಮೀ. ದಪ್ಪ. 1995ರಲ್ಲಿ ಸ್ಪೇನ್‌ನ ಸಂಶೋಧಕರು ಅದರ ಆಚೆ ಈಚೆ ಸದ್ದು ಅಳೆದು 'ನೇಚರ್' ಪತ್ರಿಕೆಯಲ್ಲಿ ಬರೆದರು. ಸುಮಾರು 1670 ಹರ್ಟ್ಸ್‌ನ ಸದ್ದು ಆ ಕೊಳವೆಗಳ ಮಧ್ಯೆ ಸರಿಯಾಗಿ ದಾಟಲ್ಲ. ಲೆಕ್ಕ ಹಾಕಿ ನೋಡಿ: 343 ಭಾಗಿಸು 0.2, ಹೆಚ್ಚುಕಮ್ಮಿ 1700. ಅಂತರದ ಎರಡರಷ್ಟು ಉದ್ದದ ಅಲೆ ಸಿಕ್ಕಿಹಾಕಿಕೊಳ್ಳುತ್ತೆ, ಅಷ್ಟೇ. ಮಧ್ಯೆ ಬೇಕಾದಷ್ಟು ಜಾಗ ಖಾಲಿ, ಗಾಳಿ ಆಡುತ್ತೆ, ಆಚೆ ಕಡೆ ಕಾಣುತ್ತೆ, ಆದರೂ ಆ ಒಂದು ಸ್ವರಕ್ಕೆ ಬಾಗಿಲು ಮುಚ್ಚಿದೆ.

ಇದನ್ನ ಓದಿದ ಕೂಡಲೇ ನಮ್ಮಲ್ಲಿ ತೋಟದ ಮನೆಯವನೊಬ್ಬ, "ಹಾಗಾದ್ರೆ ನಮ್ಮ ಅಡಿಕೆ ತೋಟವೂ ಇದೇ ಅಲ್ವಾ?" ಅಂದ. ಒಳ್ಳೇ ಪ್ರಶ್ನೆ. ಒಂಬತ್ತು ಅಡಿಗೆ ಒಂದು ಮರ, ಅಂದ್ರೆ 2.7 ಮೀಟರ್. ಲೆಕ್ಕ ಹಾಕಿದ್ರೆ ಸುಮಾರು 63 ಹರ್ಟ್ಸ್ ಬರುತ್ತೆ, ಸರಿಯಾಗಿ ಡಿಜೆಯ 'ಧಂ ಧಂ'! ಮೂರು ನಿಮಿಷ ಕುಣಿದಾಡಿದೆವು. ಆಮೇಲೆ ಮರದ ದಪ್ಪ ನೆನಪಾಯ್ತು. ಕಾಂಡ 15 ಸೆಂ.ಮೀ. ಅಂದ್ರೆ ತೋಟದ ಜಾಗದಲ್ಲಿ ಮರ ಹಿಡಿದಿರೋದು ನೂರಕ್ಕೆ ಕಾಲು ಪಾಲು. ಮ್ಯಾಡ್ರಿಡ್‌ನಲ್ಲಿ ಕೊಳವೆಗಳು ಹಿಡಿದಿರೋದು ನೂರಕ್ಕೆ ಆರೂವರೆ. ಅಡಿಕೆ ಮರ ಡಿಜೆ ತಡೆಯೋಕೆ ತುಂಬಾ ಸಣಕಲು. ಅಂತರ ಸರಿ ಇದ್ದರೆ ಸಾಲದು, ಅಡ್ಡ ನಿಲ್ಲೋದಕ್ಕೆ ಸ್ವಲ್ಪ ಮೈಯೂ ಬೇಕು.

ಇನ್ನು ಕಿವಿಗೆ ಕೇಳಿಸದ ಹೈ ಫ್ರೀಕ್ವೆನ್ಸಿಗೆ ಹೋದರೆ ಇದೇ ವಿದ್ಯೆ ಸದ್ದನ್ನ ಚದುರಿಸೋದಕ್ಕಷ್ಟೇ ಅಲ್ಲ, ಸೇರಿಸೋದಕ್ಕೂ ಬರುತ್ತೆ. ಸ್ಕ್ಯಾನಿಂಗ್ ಸೆಂಟರಿನಲ್ಲಿ ಹೊಟ್ಟೆ ಮೇಲೆ ಇಡೋ ಪ್ರೋಬ್ ಒಳಗೆ ಸಾಮಾನ್ಯವಾಗಿ 128 ಸಣ್ಣ ಸಣ್ಣ ತುಣುಕುಗಳು ಒಂದೇ ಅಂತರದಲ್ಲಿ ಕೂತಿರುತ್ತವೆ. ಬದಿಯವು ಮೊದಲು, ಮಧ್ಯದವು ಸ್ವಲ್ಪ ತಡವಾಗಿ ಸದ್ದು ಹೊರಡಿಸಿದ್ರೆ ಎಲ್ಲವೂ ಒಂದೇ ಬಿಂದುವಿಗೆ ಒಟ್ಟಿಗೆ ತಲುಪುತ್ತವೆ. ಅಂತರ ಅಲೆಯ ಉದ್ದಕ್ಕೆ ಹೋಲಿಸಿದರೆ ಜಾಸ್ತಿ ಆದ್ರೆ ಬೇಡದ ದಿಕ್ಕಿಗೂ ಸದ್ದು ಹೋಗಿ ಇಲ್ಲದ ನೆರಳು ಚಿತ್ರದಲ್ಲಿ ಬರುತ್ತೆ. 2004ರಲ್ಲಿ ಕೆನಡಾದ ಮ್ಯಾನಿಟೋಬಾ ವಿಶ್ವವಿದ್ಯಾಲಯದವರು ಹಾಂಗ್‌ಕಾಂಗ್‌ನವರ ಜೊತೆ ಸೇರಿ ಇನ್ನೂ ವಿಚಿತ್ರವಾದದ್ದು ತೋರಿಸಿದ್ರು. 0.8 ಮಿ.ಮೀ.ನ ಟಂಗ್‌ಸ್ಟನ್ ಕಾರ್ಬೈಡ್ ಗುಂಡುಗಳನ್ನ ನೀರಿನಲ್ಲಿ ಕ್ರಮವಾಗಿ ಜೋಡಿಸಿ, 1.57 ಮೆಗಾಹರ್ಟ್ಸ್ ಸದ್ದು ಬಿಟ್ಟರು. ಆ ಹಲಗೆ ಎರಡೂ ಕಡೆ ಚಪ್ಪಟೆ. ಆದರೂ ಹರಡಿಕೊಂಡು ಹೋಗಬೇಕಿದ್ದ ಸದ್ದು ಆಚೆ ಕಡೆ ಒಂದು ಚುಕ್ಕೆಯಲ್ಲಿ ಕೂಡಿಕೊಂಡಿತು! ಲೆನ್ಸಿನ ಹಾಗೆ ಬಾಗಿಸೋದೇ ಬೇಕಿಲ್ಲ, ಒಳಗಿನ ಜೋಡಣೆ ಸಾಕು.

ಇದೆಲ್ಲ ಹೊರದೇಶದ ಕಥೆ ಅಂತ ಅನ್ನಬೇಡಿ. 1935-36ರಲ್ಲಿ ಬೆಂಗಳೂರಿನ ಇಂಡಿಯನ್ ಇನ್‌ಸ್ಟಿಟ್ಯೂಟ್ ಆಫ್ ಸೈನ್ಸ್‌ನಲ್ಲಿ ಸಿ.ವಿ. ರಾಮನ್ ಮತ್ತು ಎನ್.ಎಸ್. ನಾಗೇಂದ್ರನಾಥ್ ಇದನ್ನೇ ತಿರುಗಿಸಿ ನೋಡಿದ್ದರು. ದ್ರವದೊಳಗೆ ಹೈ ಫ್ರೀಕ್ವೆನ್ಸಿ ಸದ್ದು ಹಾಯಿಸಿದ್ರೆ ಅದು ಒತ್ತಾದ ಪದರ, ಸಡಿಲ ಪದರ, ಒತ್ತಾದ ಪದರ ಅಂತ ತಾನೇ ಒಂದು ಗ್ರೇಟಿಂಗ್ ಆಗಿಬಿಡುತ್ತೆ. ಅದರ ಮೂಲಕ ಬೆಳಕು ಹೋದ್ರೆ ಸಾಲು ಚುಕ್ಕಿಗಳಾಗಿ ಒಡೆಯುತ್ತೆ. ಅಮೆರಿಕ ಮತ್ತು ಫ್ರಾನ್ಸ್‌ನಲ್ಲಿ 1932ರಲ್ಲಿ ಕಣ್ಣಿಗೆ ಬಿದ್ದಿದ್ದ ಈ ಸಂಗತಿಗೆ ಯಾವ ಚುಕ್ಕಿ ಎಷ್ಟು ಬೆಳಗುತ್ತೆ ಅನ್ನೋ ಲೆಕ್ಕ ಕೊಟ್ಟವರು ಇವರಿಬ್ಬರು. ಇವತ್ತಿಗೂ ಪುಸ್ತಕಗಳಲ್ಲಿ ಅದರ ಹೆಸರು ರಾಮನ್-ನಾಥ್ ಡಿಫ್ರ್ಯಾಕ್ಷನ್. ನಮ್ಮಲ್ಲಿ ಎಷ್ಟು ಜನಕ್ಕೆ ಇದು ಬೆಂಗಳೂರಿನಲ್ಲಿ ಆಗಿದ್ದು ಅಂತ ಗೊತ್ತಿತ್ತು? ನಮಗಂತೂ ಗೊತ್ತಿರಲಿಲ್ಲ.

ಈಗ ಹಾಲ್‌ಗೆ ವಾಪಸ್ ಬರೋಣ. ಗೋಡೆ ಮೇಲೆ ಮೆಟ್ಟಿಲಿನ ಹಾಗೆ ಒಂದೇ ಸಮ ಪಟ್ಟಿ ಹೊಡೆದ್ರೆ ಆಯ್ತಾ? ಇಲ್ಲ, ಅದೂ 'ಚ್ಯೂಂ' ಅಂದುಬಿಡುತ್ತೆ. ಇದಕ್ಕೆ 1970ರ ದಶಕದಲ್ಲಿ ಜರ್ಮನಿಯ ಮ್ಯಾನ್‌ಫ್ರೆಡ್ ಶ್ರೋಡರ್ ಒಂದು ಉಪಾಯ ಕೊಟ್ಟರು. ಪಟ್ಟಿಗಳ ಅಗಲ ಒಂದೇ ಇರಲಿ, ಆಳ ಮಾತ್ರ ಒಂದು ಸಂಖ್ಯಾಸಾಲಿನ ಪ್ರಕಾರ ಬದಲಾಗಲಿ. 0ಯಿಂದ 6ರವರೆಗಿನ ಸಂಖ್ಯೆಗಳ ವರ್ಗ ಮಾಡಿ, 7ರಿಂದ ಭಾಗಿಸಿ, ಶೇಷ ಬರ್ಕೊಳ್ಳಿ: 0, 1, 4, 2, 2, 4, 1. ಇಷ್ಟೇ! 1000 ಹರ್ಟ್ಸ್‌ಗೆ ಅಂತ ಮಾಡಿದ್ರೆ ಒಂದು ಅಳತೆ 2.45 ಸೆಂ.ಮೀ. ಅಂದ್ರೆ ಆಳಗಳು 0, 2.45, 9.8, 4.9, 4.9, 9.8, 2.45. ಒಂದೊಂದು ಗೂಡಿನ ಅಗಲ 5 ಸೆಂ.ಮೀ., ಮಧ್ಯೆ ತೆಳು ಹಲಗೆ. ಹೆಚ್ಚುಕಮ್ಮಿ 1000ದಿಂದ 3400 ಹರ್ಟ್ಸ್‌ವರೆಗಿನ ಸದ್ದನ್ನ ಇದು ಒಂದೇ ಕಡೆ ವಾಪಸ್ ಎಸೆಯೋ ಬದಲು ಬೇರೆ ಬೇರೆ ದಿಕ್ಕಿಗೆ ಹಂಚುತ್ತೆ. ಒಂಬತ್ತನೇ ಸಾಲಿನ ಮೇಲೆ ಬೀಳ್ತಿದ್ದ ಒಂದು ದೊಡ್ಡ ಏಟು ಹಾಲ್ ತುಂಬಾ ಸಣ್ಣ ಸಣ್ಣ ಚೂರಾಗುತ್ತೆ. ಬೇಕಾಗಿರೋದು ಪ್ಲೈವುಡ್, ರೀಪರ್, ಮೊಳೆ, ಮತ್ತೆ ನಮ್ಮ ಕಾರ್ಪೆಂಟ್ರಿ ವರ್ಕ್‌ಶಾಪ್.

ಇದೊಂದೇ ಸಾಕು ಅಂತ ನಾವು ಹೇಳ್ತಿಲ್ಲ. ಚದುರಿಸೋದು ಬೇರೆ, ಹೀರೋದು ಬೇರೆ. ಸದ್ದು ತುಂಬಾ ಹೊತ್ತು ಸುತ್ತುತ್ತಾ ಇದ್ರೆ ಹೀರಿಕೊಳ್ಳೋ ವಸ್ತುವೂ ಬೇಕು: ದಪ್ಪ ಪರದೆ, ಹತ್ತಿ ತುಂಬಿದ ಸೀಟು. 1895ರಲ್ಲಿ ಹಾರ್ವರ್ಡ್‌ನಲ್ಲಿ ಇದೇ ತರಹ ಯಾರಿಗೂ ಪಾಠ ಕೇಳಿಸದ ಒಂದು ಲೆಕ್ಚರ್ ಹಾಲ್ ಇತ್ತು. ಸರಿಮಾಡು ಅಂತ ವ್ಯಾಲೆಸ್ ಸ್ಯಾಬಿನ್ ಅನ್ನೋ ಯುವ ಮೇಷ್ಟ್ರಿಗೆ ವಹಿಸಿದ್ರು. ಅವರು ಇನ್ನೊಂದು ಥಿಯೇಟರಿನ ಸೀಟ್ ಕುಶನ್‌ಗಳನ್ನ ರಾತ್ರಿ ಹೊತ್ತು ತಂದು, ಹಾಕಿ, ತೆಗೆದು, ಅಳೆದು, ಇಡೀ ಸಭಾಂಗಣ ವಿಜ್ಞಾನಕ್ಕೇ ಅಡಿಪಾಯ ಹಾಕಿದ್ರು. ಅವರೂ ದೊಡ್ಡ ಮೆಷಿನ್ ತಗೊಂಡು ಶುರು ಮಾಡಲಿಲ್ಲ.

"ಅಜ್ಜನಿಗೆ ಕಿವಿಗೆ ಮೆಷಿನ್ ಹಾಕಿಸಿ, ಹಾಲ್ ಯಾಕೆ ಬದಲಾಯಿಸಬೇಕು?" ಅಂತ ಒಬ್ಬ ಸೀನಿಯರ್ ಕೇಳಿದ್ರು. ಹಾಕಿಸೋಣ. ಆದರೆ ಮಾತನ್ನೂ ಪ್ರತಿಧ್ವನಿಯನ್ನೂ ಪೂರ್ತಿ ಬೇರೆ ಮಾಡಿ ಕೊಡೋ ಶಕ್ತಿ ಆ ಮೆಷಿನ್‌ಗೂ ಇಲ್ಲ, ಎರಡೂ ಸೇರಿ ಜೋರಾಗುತ್ತೆ. ಮತ್ತೆ, ಪ್ಲೇಸ್‌ಮೆಂಟ್ ಟಾಕ್‌ಗಳಲ್ಲಿ ಮಧ್ಯದ ಸಾಲಿನಲ್ಲಿ ಕೂತು ಫೋನ್ ನೋಡೋ ನಾವೆಲ್ಲ ಬರೀ ಸೋಮಾರಿಗಳೇ? ಅರ್ಧ ಮಾತು ಕೇಳಿಸದಿದ್ದರೆ ಯಾರಾದ್ರೂ ಎಷ್ಟು ಹೊತ್ತು ಗಮನ ಕೊಡ್ತಾರೆ?

ಹಾಗಾಗಿ ನಮ್ಮ ಬೇಡಿಕೆ ಇಷ್ಟೇ. ಸ್ಪೀಕರ್ ಖರೀದಿಗೆ ಮೊದಲು ಒಂದು ತಿಂಗಳು ಕೊಡಿ. ಕನ್ನಡ ಬಳಗ ಮತ್ತು ಮೆಕ್ಯಾನಿಕಲ್ ವರ್ಕ್‌ಶಾಪ್ ಸೇರಿ ಹಿಂದಿನ ಗೋಡೆಯ ಮಧ್ಯಭಾಗಕ್ಕೆ ಮಾತ್ರ ಈ ಹಲಗೆಗಳನ್ನ ಮಾಡಿ ಹಾಕೋಣ. ಹಾಕೋಕೆ ಮುಂಚೆ ಒಂದು ಸಲ, ಹಾಕಿದ ಮೇಲೆ ಒಂದು ಸಲ, ಅದೇ ಒಂಬತ್ತನೇ ಸಾಲಿನಲ್ಲಿ ಜನರನ್ನ ಕೂರಿಸಿ ಪದಗಳ ಪಟ್ಟಿ ಓದೋಣ. ಕತ್ತೆ, ಕಟ್ಟೆ, ಬೆಲೆ, ಬೆಳೆ. ಪಟ್ಟಿ ಕನ್ನಡದ್ದೇ ಇರಲಿ, ಯಾಕಂದ್ರೆ ಳ ಮತ್ತು ಣ ಕಳೆದುಹೋಗ್ತಿದೆಯಾ ಅಂತ ಇಂಗ್ಲಿಷ್ ಪಟ್ಟಿಗೆ ಗೊತ್ತಾಗಲ್ಲ. ಸರಿ ಬರೆದವರು ಜಾಸ್ತಿ ಆದ್ರೆ ಗೋಡೆ ಗೆದ್ದ ಹಾಗೆ. ಆಗದಿದ್ರೆ ನಿಮ್ಮ ಸ್ಪೀಕರ್ ನಾವೇ ಹೊತ್ತು ತಂದು ಇಡ್ತೀವಿ.

ಒಂದು ಮಾತು ನಮ್ಮ ಬಗ್ಗೆಯೂ ಹೇಳ್ಕೊಳ್ಳಬೇಕು. ಈ ಲೇಖನ ಬರೆಯುವಾಗ ವೇವ್‌ಲೆಂಗ್ತ್‌ಗೆ ಕನ್ನಡದಲ್ಲಿ ಏನಂತಾರೆ ಅಂತ ನಮಗೆ ಗೊತ್ತಿರಲಿಲ್ಲ. ಕನ್ನಡ ಮೀಡಿಯಂನಲ್ಲಿ ಓದಿದ ಕ್ಲಾಸ್‌ಮೇಟ್ 'ತರಂಗದೂರ' ಅಂದ. ಎಷ್ಟು ಚಂದ ಇದೆ ಅನ್ನಿಸ್ತು. ಆದರೂ ಮೇಲೆಲ್ಲ 'ಅಲೆಯ ಉದ್ದ' ಅಂತಲೇ ಬರೆದಿದ್ದೀವಿ, ಯಾಕಂದ್ರೆ ಅಜ್ಜನಿಗೆ ಓದಿ ಹೇಳಬೇಕಲ್ಲ. ಗ್ರೇಟಿಂಗ್ ಪ್ರಯೋಗಕ್ಕೆ ನಮಗೆ ಒಳ್ಳೇ ಮಾರ್ಕ್ಸ್ ಬಂದಿತ್ತು. ಆದರೆ ದಿನಾ ಹತ್ತಿ ಇಳಿಯೋ ಮೆಟ್ಟಿಲೂ ಒಂದು ಗ್ರೇಟಿಂಗ್ ಅಂತ ಗೊತ್ತಾಗೋಕೆ ಒಂದೂವರೆ ವರ್ಷ ಬೇಕಾಯ್ತು.

ಮುಂದಿನ ನವೆಂಬರ್‌ಗೆ ಅಜ್ಜ ಮತ್ತೆ ಬರ್ತೀನಿ ಅಂದಿದ್ದಾರೆ. ಮೊಮ್ಮಗ ಈಗಲೇ ಭಾಷಣ ಬರೆಯೋಕೆ ಶುರು ಮಾಡಿದ್ದಾನೆ. ಅಜ್ಜನಿಗೆ ಮುಂದಿನ ಸಾಲಿನಲ್ಲಿ ಸೀಟು ಹಿಡಿದುಕೊಡೋದು ಸುಲಭ. ಆದರೆ ಒಂಬತ್ತನೇ ಸಾಲಿನಲ್ಲಿ ಇನ್ಯಾರದೋ ಅಜ್ಜ ಕೂತಿರ್ತಾರೆ. ಗೋಡೆ ಸರಿಮಾಡೋಣ ಬನ್ನಿ.